ಭಂಡಾರದ ಬಣ್ಣ

ಮಲ್ಲಕ್ಕನ ಕೂದಲು ಬಂಗಾರದ ಬಣ್ಣಕ್ಕೆ ತಿರುಗಿದ್ದು ದೇವಿಯ ಮಹಿಮೆಯಿಂದಲ್ಲ, ನನ್ನ ಕೈಯಿಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹೇಳಬೇಕಾದ ಹೊತ್ತಿನಲ್ಲಿ ಹೇಳದೆ ಎರಡೂವರೆ ತಿಂಗಳು ಬಾಯಿಗೆ ಬೀಗ ಹಾಕಿಕೊಂಡು ಕೂತವಳು ನಾನು. ಈಗಲಾದರೂ ಸುತ್ತಿ ಬಳಸಿ ಮಾತಾಡಬಾರದು.

ನನ್ನ ಹೆಸರು ಅಜೀಜಾಬಿ. ನವಲಗುಂದದಲ್ಲಿ ನಮ್ಮದು ಜಮಖಾನೆ ನೇಯುವ ಮನೆ. ನಮ್ಮಲ್ಲಿ ಮಗ್ಗಕ್ಕೆ ಕೂರುವವರು ಹೆಂಗಸರು. ನೂಲು ತರುವುದು, ನೇಯ್ದದ್ದನ್ನು ಬಸ್ಸಿಗೇರಿಸಿ ಹುಬ್ಬಳ್ಳಿಗೆ ಒಯ್ಯುವುದು ಗಂಡಸರ ಕೆಲಸ. ನೂಲು ಬಿಳಿ ಮಾಡಿ ಬಣ್ಣ ಏರಿಸುವುದರಲ್ಲಿ ಓಣಿಯಲ್ಲಿ ನನ್ನ ಸಮ ಯಾರೂ ಇಲ್ಲ ಎನ್ನುತ್ತಿದ್ದರು. ಯಾರು ಎನ್ನುತ್ತಿದ್ದರು? ನಾನೇ ಎನ್ನುತ್ತಿದ್ದೆ, ದಿನಕ್ಕೆ ನಾಲ್ಕು ಸಲ. ಆ ಸೊಕ್ಕೇ ಇಷ್ಟಕ್ಕೆಲ್ಲ ಮೂಲ.

ನಮ್ಮ ಹಿತ್ತಲ ಗೋಡೆಯ ಆಚೆ ಮಲ್ಲಕ್ಕನ ಮನೆ. ಅವಳ ಅಪ್ಪ ಕರಿಸಿದ್ದಪ್ಪ ಕುರಿ ಸಾಕುವವನು, ತಾಯಿ ಹನಮವ್ವ ಹತ್ತಿ ಬಿಡಿಸಲು ಕೂಲಿಗೆ ಹೋಗುವವಳು. ಹನಮವ್ವ ನನಗೆ ಹನ್ನೆರಡು ವರ್ಷದ ಗೆಳತಿ. ಬೆಳಗಾದರೆ ಗೋಡೆಯ ಮೇಲೆ ಮುಖ ಇಟ್ಟು, "ಸತ್ತೀಯೇನ ಬೇ ಅಜೀಜಾ, ಒದರಿದ್ರ ಓ ಅನ್ನವಲ್ಲಿ!" ಎನ್ನುವಳು. ನಾನು ಅದಕ್ಕೆ ಎರಡರಷ್ಟು ಬೈಯುತ್ತಿದ್ದೆ. ಮಲ್ಲಕ್ಕನಿಗೆ ಆಗ ಹದಿನೇಳು ವಯಸ್ಸು. ದಿನಾಲು ನಮ್ಮಲ್ಲಿಗೆ ಬಂದು ನೂಲಿನ ಲಡಿ ಬಿಡಿಸಿ ಉಂಡೆ ಸುತ್ತಿಕೊಡುತ್ತಿದ್ದಳು.

ಎಪ್ಪತ್ತಾರನೇ ಇಸವಿ, ದಸರೆ ಮುಗಿದ ಹೊಸತು. ಪೇಟೆಯ ಗೊಬ್ಬರದಂಗಡಿಯಲ್ಲಿ ಒಂದು ಕ್ಯಾಲೆಂಡರು ತೂಗುಹಾಕಿದ್ದರು. ಯಾವುದೋ ದೇಶದ ಹೆಣ್ಣುಮಗಳು ಗೋದಿಯ ತೆನೆ ಹಿಡಿದು ನಿಂತಿದ್ದಾಳೆ, ಅವಳ ಕೂದಲು ಆ ತೆನೆಯದೇ ಬಣ್ಣ. ಅದನ್ನು ನೋಡಿ ಬಂದಂದಿನಿಂದ ಮಲ್ಲಕ್ಕನಿಗೆ ಒಂದೇ ಧ್ಯಾನ.

"ಅಜೀಜಕ್ಕಾ, ಖರೇನ ಅಂಥಾ ಕೂದ್ಲಾ ಇರ್ತಾವ?"

"ಇರ್ತಾವೋ ಇಲ್ಲೋ ಯಾರಿಗೆ ಗೊತ್ತು. ನಾ ಬೇಕಾದ್ರ ಮಾಡಿ ತೋರಸ್ತೀನಿ," ಎಂದೆ.

ನೋಡಿ, ಹಾಳು ನಾಲಗೆ! ಅಂದು ನೂಲು ಬಿಳಿ ಮಾಡಲು ಬ್ಲೀಚಿಂಗ್ ಪುಡಿ ಕಲಸಿ ಮಣ್ಣಿನ ಹರವಿಯಲ್ಲಿ ತಿಳಿ ತೆಗೆದಿಟ್ಟಿದ್ದೆ. ಮೊದಲು ಅವಳ ಜಡೆಯ ತುದಿ ಮಾತ್ರ ಅದ್ದಿದೆ. ತುದಿ ಕೆಂಪಾಯಿತು, ಆಮೇಲೆ ಹಳದಿಯಾಯಿತು. ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. "ಪೂರಾ ಮಾಡು" ಎಂದಳು ಅವಳು, ಪೂರಾ ಮಾಡಿದೆ ನಾನು. ನೆತ್ತಿಯವರೆಗೂ ಒಂದೆಳೆ ಕಪ್ಪು ಉಳಿಯದ ಹಾಗೆ, ನೂಲಿಗೆ ಮಾಡುವಷ್ಟೇ ಜತನದಿಂದ. ಕನ್ನಡಿ ಹಿಡಿದು ತನ್ನನ್ನೇ ನೋಡಿಕೊಳ್ಳುತ್ತಿದ್ದ ಆ ಹುಡುಗಿಯನ್ನು ಕಂಡು ನನಗೆ ಮಗ್ಗದಿಂದ ಹೊಸ ಜಮಖಾನೆ ಇಳಿಸಿದಷ್ಟು ಹೆಮ್ಮೆಯಾಯಿತು.

ನಾಲ್ಕು ದಿನ ಸೆರಗು ಹೊದ್ದು ತಿರುಗುವುದು, ದೀಪಾವಳಿಯ ಒಳಗೆ ನಾನು ಮತ್ತೆ ಕಪ್ಪು ಬಣ್ಣ ಹಾಕಿಬಿಡುವುದು, ಇದು ನಮ್ಮ ಲೆಕ್ಕಾಚಾರ. ಹಾಕಿದೆ. ಹಿಡಿಯಲಿಲ್ಲ. ಹತ್ತಿಗೆ ಹಾಕುವ ಬಣ್ಣ ಕೂದಲಿಗೆ ಹಿಡಿಯುವುದಿಲ್ಲ ಎಂಬುದು ಈ ಮಹಾ ಬಣ್ಣಗಾರ್ತಿಗೆ ಗೊತ್ತೇ ಇರಲಿಲ್ಲ. ತೊಳೆದರೆ ಬಣ್ಣವೆಲ್ಲ ಹರಿದುಹೋಗಿ ಹಳದಿಯೇ ಮೇಲೆದ್ದಿತು.

ಹಬ್ಬದ ಬೆಳಗ್ಗೆ ಎಣ್ಣೆ ಹಚ್ಚಿ ಎರೆಯಲು ಹನಮವ್ವ ಮಗಳ ಸೆರಗು ಎಳೆದಳು. ನಾನು ಈಚೆ ಗೋಡೆಗೆ ಕಿವಿಯಿಟ್ಟು ನಿಂತಿದ್ದೆ. ಕಿರುಚುತ್ತಾಳೆ, ಹೊಡೆಯುತ್ತಾಳೆ, ಮಲ್ಲಕ್ಕ ನನ್ನ ಹೆಸರು ಹೇಳುತ್ತಾಳೆ, ಆಮೇಲೆ ನಮ್ಮಿಬ್ಬರ ಜಗಳ ಓಣಿಯೆಲ್ಲ ಕೇಳುತ್ತದೆ ಎಂದು ಕಾದೆ. ಅದ್ಯಾವುದೂ ಆಗಲಿಲ್ಲ. ಹನಮವ್ವ ಮೆಲ್ಲಗೆ ಕೇಳಿದಳು.

"ಯಾವಾಗಿಂದ ಹಿಂಗಾತು?"

"ಗೊತ್ತಿಲ್ಲವ್ವಾ. ತಾನ ಆತು," ಎಂದಳು ಮಲ್ಲಕ್ಕ.

ಅಂಜಿ ಹೇಳಿದ ಸುಳ್ಳು. ಆದರೆ ಆ ಸುಳ್ಳಿಗೆ ಹನಮವ್ವನ ಎದೆಯಲ್ಲಿ ಹದಿನಾಲ್ಕು ವರ್ಷದಿಂದ ಜಾಗ ಕಾದಿತ್ತು. ಮಲ್ಲಕ್ಕ ಮೂರು ವರ್ಷದವಳಿದ್ದಾಗ ಮೈಮೇಲೆ ಸಿಡುಬು ಎದ್ದು ಕಣ್ಣು ಬಿಡದೆ ಮಲಗಿದ್ದಳಂತೆ. ಆಗ ಹನಮವ್ವ ಗುಡ್ಡದ ಎಲ್ಲವ್ವನಿಗೆ ಹರಕೆ ಹೊತ್ತಿದ್ದಳು, ಕೂಸನ್ನು ಉಳಿಸಿಕೊಟ್ಟರೆ ನಿನಗೇ ಬಿಡುತ್ತೇನೆ ಎಂದು. ಕೂಸು ಉಳಿಯಿತು. ಬಿಡುವ ಮನಸ್ಸಾಗಲಿಲ್ಲ. ಯಾರಿಗೂ ಹೇಳದೆ ನುಂಗಿಕೊಂಡಿದ್ದಳು. ಈಗ ನೋಡಿದರೆ ಮಗಳ ತಲೆಯ ತುಂಬ ಹಳದಿ. ದೇವಿಯ ಭಂಡಾರದ್ದೇ ಬಣ್ಣ. ಗುಡ್ಡದ ಹಾದಿಯಲ್ಲಿ ಭಕ್ತರು ಹಣೆಗೂ ಕೆನ್ನೆಗೂ ಬಳಿದುಕೊಳ್ಳುವ ಅರಿಸಿನವನ್ನು ದೇವಿಯೇ ಬಂದು ಮಗಳ ತಲೆಗೆ ಸುರಿದಿದ್ದಾಳೆ ಎಂದು ಹನಮವ್ವ ತಿಳಿದಳು. ಹೆತ್ತ ಮಗಳ ಕಾಲಿಗೆ ಬಿದ್ದುಬಿಟ್ಟಳು.

ಮಧ್ಯಾಹ್ನದ ಹೊತ್ತಿಗೆ ಓಣಿಯ ಹೆಂಗಸರೆಲ್ಲ ಅವರ ಅಂಗಳದಲ್ಲಿದ್ದರು. ಎಲ್ಲವ್ವನ ಹೆಸರಿನಲ್ಲಿ ಭಿಕ್ಷೆಗೆ ಬರುವ ಜೋಗಮ್ಮನೂ ಬಂದಳು. "ಕರದಾಳ, ಅವ್ವ ಕರದಾಳ. ಹಣಿಗಿ ಹಾಕಬ್ಯಾಡ್ರಿ, ಎಣ್ಣಿ ಮುಟ್ಟಸಬ್ಯಾಡ್ರಿ. ಮಂಗಳವಾರ, ಶುಕ್ರವಾರ ಭಂಡಾರ ಹಚ್ಚ್ರಿ," ಎಂದಳು. ಅವಳು ನಂಬಿದ್ದನ್ನೇ ಅವಳು ಹೇಳಿದಳು. ಸುಳ್ಳು ಹೇಳಿದವರು ಅಲ್ಲಿ ಇಬ್ಬರೇ, ಮಲ್ಲಕ್ಕ ಮತ್ತು ಗೋಡೆಯ ಈಚೆ ನಿಂತಿದ್ದ ನಾನು.

ಅವತ್ತೇ ಹೋಗಿ ಹೇಳಬೇಕೆಂದು ಚಪ್ಪಲಿ ಮೆಟ್ಟಿದ್ದೆ. ನನ್ನ ಗಂಡ ಇಮಾಮುದ್ದೀನ ಬಾಗಿಲಿಗೆ ಅಡ್ಡ ನಿಂತ. "ಅವರ ದೇವರ ಮಾತಿನ್ಯಾಗ ನಾವ್ ಕೈ ಹಾಕಬಾರದು. ನಾಳೆ ಊರ ಮಂದಿ ಏನ ಅಂದಾರು?" ಎಂದ. ಅವನ ಅಂಜಿಕೆ ನನಗೆ ಅರ್ಥವಾಯಿತು. ನಿಜ ಹೇಳಬೇಕೆಂದರೆ ಅಡ್ಡ ನಿಂತದ್ದು ನನಗೆ ಅನುಕೂಲವೇ ಆಯಿತು. ಯಾರನ್ನೂ ಬಿಡದೆ ಬೈಯುವ ಈ ಅಜೀಜಾಬಿ ಅವತ್ತು ಚಪ್ಪಲಿ ಬಿಟ್ಟು ಒಳಗೆ ಹೋಗಿ ಮಗ್ಗಕ್ಕೆ ಕೂತಳು. ಥೂ, ನನ್ನ ಜನ್ಮಕ್ಕಿಷ್ಟು!

ಮರುದಿನದಿಂದ ಮಲ್ಲಕ್ಕನಿಗೆ ಮನೆಯಲ್ಲಿ ಮೊದಲ ತುತ್ತು. ಕುಡಿದು ಬಂದರೆ ಕೈ ಎತ್ತುತ್ತಿದ್ದ ಕರಿಸಿದ್ದಪ್ಪ ಕುಡಿತವನ್ನೇ ಬಿಟ್ಟ. ನೆರೆಯ ಮುದುಕಿಯರು ಅವಳಿಗೆ ಕೈ ಮುಗಿದರು. ಮೊದಮೊದಲು ಅವಳಿಗೂ ಇದು ಸೊಗಸೆನಿಸಿರಬೇಕು, ಏಕೆ ಸುಳ್ಳು ಹೇಳಲಿ. "ಈಗ ಹೇಳಬ್ಯಾಡ ಅಜೀಜಕ್ಕಾ, ಅಪ್ಪ ಕಡದ ಹಾಕ್ತಾನ. ಸಂಕ್ರಾಂತಿ ಆಗಲಿ," ಎಂದು ನನಗೂ ಆಣೆ ಹಾಕಿಸಿದಳು. ಮೊದಲಿನ ಹಾಗೆಯೇ ನೂಲು ಸುತ್ತಲು ಬರುತ್ತಿದ್ದಳು, ಹನಮವ್ವ ಅದನ್ನು ತಡೆದಿರಲಿಲ್ಲ.

ಚಳಿ ಶುರುವಾಯಿತು. ನಮ್ಮ ಕಡೆಯ ಚಳಿಗಾಲದ ಗಾಳಿ ನಿಮಗೆ ಗೊತ್ತಿರಬಹುದು, ತುಟಿ, ಹಿಮ್ಮಡಿ ಎಲ್ಲವನ್ನೂ ಸೀಳುತ್ತದೆ. ಮದ್ದು ಕುಡಿದ ಕೂದಲಿಗೆ ಮೊದಲೇ ಜೀವವಿಲ್ಲ. ಅದರ ಮೇಲೆ ಎಣ್ಣೆಯಿಲ್ಲ, ಬಾಚಲು ಹಣಿಗೆಯಿಲ್ಲ, ಹಿತ್ತಲ ಬಾವಿಯ ಸವಳು ನೀರಿನ ಸ್ನಾನ ಬೇರೆ. ಕೂದಲು ತೆಂಗಿನ ನಾರಿನ ಹಾಗಾಯಿತು. ಎಳೆ ಎಳೆಗೆ ಸಿಕ್ಕಿಕೊಂಡು, ಅರಿಸಿನದ ಹುಡಿ ಅದರೊಳಗೆ ಕೂತು, ಛಟ್ಟಿ, ಅಂದರೆ ಮಾರ್ಗಶಿರ ತಿಂಗಳು ಮುಗಿಯುವಷ್ಟರಲ್ಲಿ ಹಿಂದೆ ಐದು, ನೆತ್ತಿಯಲ್ಲಿ ಎರಡು ಗಂಟು ಕಟ್ಟಿದವು.

"ಜಡಿ ಬಂತು," ಎಂದಿತು ಓಣಿ. ಕೂದಲು ಹೀಗೆ ಜಡೆಗಟ್ಟುವುದೇ ದೇವಿ ಕರೆದ ಗುರುತು ಎಂದು ನಂಬಿಕೆ. ಇನ್ನು ಅನುಮಾನಕ್ಕೆ ಜಾಗವಿರಲಿಲ್ಲ. ಪುಷ್ಯದ ಬನದ ಹುಣ್ಣಿಮೆಗೆ ಗಾಡಿ ಕಟ್ಟಿಕೊಂಡು ಗುಡ್ಡಕ್ಕೆ ಹೋಗುವುದು, ಅಲ್ಲಿ ಮಲ್ಲಕ್ಕನಿಗೆ ಮುತ್ತು ಕಟ್ಟಿಸುವುದು ಎಂದು ಹಿರಿಯರು ಗೊತ್ತುಮಾಡಿದರು. ಮುತ್ತು ಕಟ್ಟಿಸಿಕೊಂಡ ಹುಡುಗಿಗೆ ಗಂಡನಿಲ್ಲ, ಸಂಸಾರವಿಲ್ಲ. ಅವಳು ದೇವಿಯವಳು ಎನ್ನುತ್ತಾರೆ, ಆಮೇಲೆ ಊರಿನ ಉಳ್ಳವರಲ್ಲಿ ಯಾರು ಬಾಗಿಲು ಬಡಿದರೂ ತೆರೆಯಬೇಕು. ಇದು ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಟ್ಟು ಆಡುವುದಿಲ್ಲ.

ಹುಣ್ಣಿಮೆಗೆ ಹದಿನೆಂಟು ದಿನವಿದ್ದಾಗ ಮಲ್ಲಕ್ಕ ನಮ್ಮ ಬಣ್ಣದ ಕೋಣೆಗೆ ಬಂದು ಗೋಡೆಗೆ ಒರಗಿ ಕುಸಿದಳು.

"ಅವ್ವ ನನಗ 'ಬರ್ರಿ, ಉಣ್ರಿ' ಅಂತಾಳ ಅಜೀಜಕ್ಕಾ. ನನ್ನ ಬಾಜು ಮಲಗೂದಿಲ್ಲ. ಚಳಿ ಆಗ್ತೈತಿ ಅಂದ್ರ ಕೌದಿ ಕೊಟ್ಟು ದೂರ ಸರದ ಕುಂದ್ರತಾಳ. ನಾ ಹೇಳಿದೆ ಅಕಿಗೆ, ನಿನ್ನಿ ಹೇಳಿದೆ. ಇದು ಬ್ಲೀಚಿಂಗ್ ಪುಡಿ ಅಂತ. 'ಹಿಂಗೆಲ್ಲಾ ಪರೀಕ್ಷಾ ಮಾಡಬ್ಯಾಡ್ರಿ ತಾಯಿ' ಅಂತ ಗಲ್ಲಾ ಗಲ್ಲಾ ಬಡ್ಕೊಂಡ್ಲು. ಇದನ್ನ ಬಿಡಸು. ನಿನ್ನ ಕಾಲ ಹಿಡಿತೀನಿ, ಬಿಡಸು."

ಆಗಲಾದರೂ ಗೋಡೆ ಹಾರಿ ಹೋಗಿ ಹೇಳಬೇಕಿತ್ತು. ಮತ್ತೆ ಹೇಳಲಿಲ್ಲ. ಗಂಟು ಬಿಡಿಸಿಬಿಟ್ಟರೆ ಜಡೆ ತಾನಾಗಿ ಹೋಯಿತು, ದೇವಿ ಕೈಬಿಟ್ಟಳು ಎಂದುಕೊಳ್ಳುತ್ತಾರೆ, ನನ್ನ ಹೆಸರು ಬರದೆ ಎಲ್ಲ ಮುಗಿಯುತ್ತದೆ ಎಂದು ಎಣಿಸಿದೆ. ಹೇಡಿಯ ಬುದ್ಧಿ, ಮತ್ತೇನು.

ಅಂದಿನಿಂದ ದಿನಾಲು ಮಧ್ಯಾಹ್ನ ಬಾಗಿಲು ಹಾಕಿಕೊಂಡು ಅವಳ ಹಿಂದೆ ಕೂತೆ. ಬಿಳಿ ಮಾಡಿದ ನೂಲು ಚಳಿಗಾಲದಲ್ಲಿ ಹೇಗೆ ಪಟಪಟ ಹರಿಯುತ್ತದೆ, ಅದನ್ನು ಹೇಗೆ ಪಳಗಿಸಬೇಕು ಎಂಬುದು ನನ್ನ ಕೈಗೆ ಗೊತ್ತಿತ್ತು. ಅದನ್ನೇ ಕೂದಲಿಗೂ ಮಾಡಿದೆ. ಬಾವಿಯ ಸವಳು ನೀರು ಬಿಟ್ಟು ಕೆರೆಯಿಂದ ಸಿಹಿನೀರು ತಂದೆ. ಬಿಸಿ ಮಾಡಲಿಲ್ಲ, ಚಳಿ ಮುರಿಯುವಷ್ಟು ಮಾತ್ರ ಬೆಚ್ಚಗೆ. ಸೋಡಾ, ಸಾಬೂನು ಮುಟ್ಟಿಸಲಿಲ್ಲ. ಅಗಸೆ ಬೀಜ ಕುದಿಸಿದರೆ ಲೋಳೆ ಬಿಡುತ್ತದಲ್ಲ, ಅದನ್ನು ಸೋಸಿ ಗಂಟಿನೊಳಗೆ ಬೆರಳಿನಿಂದ ಇಳಿಸಿದೆ. ಅದು ನೆನೆದ ಮೇಲೆ ಕುಸುಬೆ ಎಣ್ಣೆ, ತುದಿಗೆ ಹೆಚ್ಚು, ಬುಡಕ್ಕೆ ಕಡಿಮೆ. ಹಣಿಗೆಯನ್ನು ನೆತ್ತಿಯಿಂದ ಎಳೆಯುವುದಲ್ಲ. ತುದಿಯಲ್ಲಿ ಎರಡು ಬೆರಳಷ್ಟು ಬಿಡಿಸಿ, ಆಮೇಲೆ ಮೇಲಿನ ಎರಡು ಬೆರಳು. ಗಂಟಿಗೆ ಕತ್ತರಿ ಹಾಕಿದರೆ ದೇವಿಯ ಜಡೆ ಕತ್ತರಿಸಿದರು ಎಂದು ಊರೇ ಎದ್ದು ಬರುತ್ತಿತ್ತು, ಆದ್ದರಿಂದ ಕತ್ತರಿಯ ಮಾತೇ ಇಲ್ಲ. ಕೊನೆಗೆ ಹಳೆಯ ಮೆತ್ತನೆ ಧೋತರದ ತುಂಡಿನಲ್ಲಿ ಸಡಿಲವಾಗಿ ಸುತ್ತಿ, ಮೇಲೆ ಸೆರಗು ಹೊದಿಸಿ ಕಳಿಸುತ್ತಿದ್ದೆ.

"ತಿಳೀತೇನ, ಇದು ಕೂದ್ಲಲ್ಲ, ರಾಣಿಯ ಮೈ, ಅಷ್ಟು ನಾಜೂಕು," ಎಂದು ಅವಳನ್ನು ನಗಿಸಲು ನೋಡುತ್ತಿದ್ದೆ. ಒಂದೊಂದು ದಿನ ನಗುತ್ತಿದ್ದಳು. ಹನ್ನೊಂದು ದಿನಕ್ಕೆ ಹಿಂದಿನ ಐದೂ ಗಂಟು ಬಿಟ್ಟವು. ಗೋದಿಯ ಬಣ್ಣದ ಆ ಕೂದಲು ಬೆನ್ನ ಮೇಲೆ ಹರಡಿದಾಗ, ಅಯ್ಯೋ ದೇವರೇ, ಎಷ್ಟು ಚೆಂದ ಕಾಣಿಸಿತೆಂದರೆ ನನಗೇ ಅಳು ಬಂತು.

ಅಲ್ಲಿಯವರೆಗೆ ನೆತ್ತಿಗಷ್ಟೇ ಭಂಡಾರ ಹಚ್ಚುತ್ತಿದ್ದ ಹನಮವ್ವ ಹನ್ನೆರಡನೆಯ ದಿನ ಸೆರಗು ಪೂರಾ ಸರಿಸಿದಳು. ಎಣ್ಣೆಯ ವಾಸನೆ ಬಡಿಯಿತು. ಹಿಂದಿನ ಜಡೆಗಳು ಇರಲಿಲ್ಲ. ದೇವಿ ಕೈಬಿಟ್ಟಳು ಎಂದು ಅವಳು ಅಂದುಕೊಳ್ಳಲಿಲ್ಲ. ಯಾರೋ ಬಂದ ಜಡೆಯನ್ನು ಬಿಚ್ಚಿ ದೇವಿಗೆ ಅಪಚಾರ ಮಾಡಿದ್ದಾರೆ, ಇನ್ನು ಮಗಳು ಉಳಿಯುವುದಿಲ್ಲ ಎಂದುಕೊಂಡಳು. ಎದೆ ಎದೆ ಬಡಿದುಕೊಂಡು ಅತ್ತದ್ದು ನಮ್ಮ ಮನೆಯವರೆಗೂ ಕೇಳಿಸಿತು. ಮಲ್ಲಕ್ಕ ನನ್ನ ಹೆಸರು ಹೇಳಲಿಲ್ಲ. ಅವಳನ್ನು ಹೊರಗೆ ಬಿಡುವುದನ್ನು ಆ ದಿನದಿಂದ ನಿಲ್ಲಿಸಿದರು.

ಆರು ದಿನ ನನಗೆ ಅನ್ನ ಸೇರಲಿಲ್ಲ. ಹುಣ್ಣಿಮೆಯ ಹಿಂದಿನ ದಿನ ಬೆಳಗ್ಗೆ ಎತ್ತಿನ ಕೊರಳ ಗೆಜ್ಜೆ ಕೇಳಿಸಿತು. ಗೋಡೆಯ ಮೇಲಿಂದ ನೋಡಿದೆ. ಗಾಡಿ ಹೂಡಿ ನಿಲ್ಲಿಸಿದ್ದರು. ಮಲ್ಲಕ್ಕನಿಗೆ ಹಸಿರು ಸೀರೆ ಉಡಿಸಿ ಮೈತುಂಬ ಬೇವು ಕಟ್ಟಿದ್ದರು. ಅವಳು ಅಳುತ್ತಿರಲಿಲ್ಲ. ಅಂಥ ಕಣ್ಣನ್ನು ನಾನು ಯಾವ ಜೀವಂತ ಮನುಷ್ಯರಲ್ಲೂ ಕಂಡಿರಲಿಲ್ಲ.

ನನ್ನ ಕೂದಲ ಮಾತು ಈಗ ಹೇಳಬೇಕು. ಮೊಣಕಾಲಿಗೆ ಮುಟ್ಟುತ್ತಿತ್ತು. ನಲವತ್ತು ದಾಟಿದರೂ ಒಂದು ಬಿಳಿ ಎಳೆ ಇರಲಿಲ್ಲ. ನನಗೆ ಬೇರೆ ಚೆಲುವು ದೇವರು ಕೊಟ್ಟಿರಲಿಲ್ಲ, ಇದೊಂದೇ.

ಬ್ಲೀಚಿಂಗ್ ಪುಡಿ ಎರಡು ಪಾಲು ಹೆಚ್ಚಿಗೆ ಕಲಸಿದೆ. ಹರವಿಯನ್ನು ಸೊಂಟಕ್ಕೆ ಏರಿಸಿಕೊಂಡು ಹೊರಟೆ. "ಎಲ್ಲಿ ಹೊಂಟಿ?" ಎಂದ ಇಮಾಮುದ್ದೀನ. ಈ ಸಲ ಅವನು ಅಡ್ಡ ನಿಲ್ಲಲಿಲ್ಲ, ಹಿಂದೆಯೇ ಒಂದು ಕೊಡ ನೀರು ಹೊತ್ತು ಬಂದ.

ಗಾಡಿಯ ಮುಂದೆ ಹರವಿ ಇಳಿಸಿದೆ. "ಹನಮವ್ವಾ, ನಿನ್ನ ಮಗಳ ಕೂದ್ಲಾ ಬಿಳಿ ಮಾಡಿದಾಕಿ ನಾನು. ಇದ ಹರವಿಯೊಳಗ ಅದ್ದೀನಿ. ಜಡಿ ಬಿಡಿಸಿದಾಕಿನೂ ನಾನ. ಇದರಾಗ ನಿಮ್ಮ ಎಲ್ಲವ್ವಂದು ಏನೂ ಇಲ್ಲ," ಎಂದೆ.

"ಅಜೀಜಾ, ದೂರ ಸರಿ ಬೇ. ನನ್ನ ಮಗಳ ಮ್ಯಾಲಿನ ಅಂತಃಕರಣಕ್ಕ ಸುಳ್ಳ ಹೇಳಾಕತ್ತಿ ನೀ," ಎಂದಳು ಹನಮವ್ವ.

"ನಂಬಬ್ಯಾಡ. ನಿಂತ ನೋಡು."

ಹೆರಳು ಬಿಚ್ಚಿ, ಎಲ್ಲರೆದುರು ಮೊಣಕಾಲೂರಿ ಕೂತು ತಲೆಯನ್ನು ಹರವಿಗೆ ಬಗ್ಗಿಸಿದೆ. ನೆತ್ತಿಗೆ ಕೆಂಡ ಸುರಿದ ಹಾಗಾಯಿತು. ಕಣ್ಣಿನಲ್ಲಿ ನೀರು, ಮೂಗಿನಲ್ಲಿ ಆ ಘಾಟು. "ಏನ ಹುಚ್ಚಾಟ ಇದು, ಎಬ್ಬಸ್ರಿ ಅಕಿನ್ನ!" ಎಂದು ಕರಿಸಿದ್ದಪ್ಪ ಕೂಗಿದ. "ಮುಟ್ಟಬ್ಯಾಡ್ರಿ," ಎಂದ ನನ್ನ ಗಂಡ. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಅವನು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಓಣಿಯೇ ಬಂದು ಸುತ್ತುವರಿಯಿತು. ಅರ್ಧ ತಾಸು ಆಗಿರಬೇಕು, ಯಾರೂ ಜಾಗ ಬಿಟ್ಟು ಕದಲಲಿಲ್ಲ.

ತಲೆ ಎತ್ತಿದೆ. ಅವನು ಕೊಡದ ನೀರು ಸುರಿದ. ನೀರಿನ ಜೊತೆ ಹಿಡಿ ಹಿಡಿ ಕೂದಲು ಹರಿದು ಮಣ್ಣಿಗೆ ಬಿತ್ತು. ಉಳಿದದ್ದನ್ನು ಎರಡೂ ಕೈಯಲ್ಲಿ ಬಿಸಿಲಿಗೆ ಹಿಡಿದೆ. ಹಳದಿ. ಅಗದಿ ಮಲ್ಲಕ್ಕನ ತಲೆಯದೇ ಹಳದಿ.

ಗುಂಪಿನಲ್ಲಿದ್ದ ಒಬ್ಬ ಮುದುಕಿ, "ಈಕಿಗೂ ಅವ್ವ ಬಂದ್ಲು," ಎಂದು ಕೈ ಮುಗಿದಳು.

"ಕೈ ಇಳಸ ಮುದುಕಿ!" ಎಂದು ಅರಚಿದೆ. "ನಾ ನಮಾಜ ಮಾಡೂ ಹೆಣಮಗಳು. ನಿಮ್ಮ ಗುಡ್ಡದಾಕಿಗೆ ನನ್ನ ಮನಿ ಗುರುತ ಐತೇನು?"

ಹನಮವ್ವ ಒಂದೊಂದೇ ಹೆಜ್ಜೆ ಇಟ್ಟು ಹತ್ತಿರ ಬಂದಳು. ನನ್ನ ಕೂದಲ ಒಂದು ಹಿಡಿ ಎತ್ತಿ ಮೂಗಿನ ಹತ್ತಿರ ಹಿಡಿದಳು.

"ಹಬ್ಬದ ದಿನಾ ಇದ ನಾತ ಇತ್ತು," ಎಂದಳು. ನನಗಲ್ಲ, ತನಗೇ ಹೇಳಿಕೊಂಡ ಹಾಗೆ. ಆಮೇಲೆ ಗಾಡಿಯ ಕಡೆ ತಿರುಗಿದಳು. "ಮಲ್ಲೀ, ಖರೇ ಏನು?"

ಮಲ್ಲಕ್ಕ ತಲೆಯಾಡಿಸಿದಳು.

ಹನಮವ್ವ ಗಾಡಿಯ ಗಾಲಿ ಹತ್ತಿ ಮಗಳ ಕೆನ್ನೆಗೆ ಬಾರಿಸಿದಳು. ಎತ್ತುಗಳು ಬೆದರಿದವು. "ನಿನ್ನ ಕಾಲಿಗೆ ಬಿದ್ನೆಲ್ಲ ಬೇ! ಹಡದ ತಾಯಿ ನಾನು, ದಿನಾ ನಿನ್ನ ಕಾಲ ತೊಳದು ಕುಡದ್ನೆಲ್ಲ! ಸುಮ್ನ ನಿಂತಿದ್ದೆಲ್ಲ, ಖೋಡಿ!" ಇನ್ನೊಂದು ಏಟು ಹಾಕಿದಳು. ಎರಡನೆಯದು ಬಿದ್ದದ್ದೇ ಮಲ್ಲಕ್ಕ ತಾಯಿಯ ಕೊರಳಿಗೆ ಜೋತುಬಿದ್ದು ಓ ಎಂದು ಅತ್ತಳು. ಹೊಡೆಯುತ್ತಿದ್ದ ಕೈಯೇ ಬೆನ್ನ ಸುತ್ತ ಬಂತು. ಬೇವಿನ ಸೊಪ್ಪೆಲ್ಲ ಇಬ್ಬರ ನಡುವೆ ಸಿಕ್ಕಿ ನಜ್ಜುಗುಜ್ಜಾಯಿತು.

ಕರಿಸಿದ್ದಪ್ಪ ಎತ್ತುಗಳ ಕೊರಳಿನ ನೊಗ ಇಳಿಸಿದ. ಗಾಡಿ ಗುಡ್ಡಕ್ಕೆ ಹೋಗಲಿಲ್ಲ. ಹರಕೆಯ ಮಾತು ಏನಾಯಿತೆಂದರೆ, ಹನಮವ್ವ ಮುಂದಿನ ತಿಂಗಳ ಭಾರತ ಹುಣ್ಣಿಮೆಗೆ ಒಬ್ಬಳೇ ನಡೆದು ಹೋಗಿ ಉದ್ದಂಡ ನಮಸ್ಕಾರ ಹಾಕಿ ತಪ್ಪು ಒಪ್ಪಿಸಿ ಬಂದಳೆಂದು ಕೇಳಿದೆ. ನೆತ್ತಿಯ ಎರಡು ಗಂಟನ್ನು ತಾನೇ ಕೂತು ಬಿಡಿಸಿದಳಂತೆ. ಮಲ್ಲಕ್ಕನನ್ನು ಎರಡು ವರ್ಷದ ಮೇಲೆ ಬಮ್ಮಿಗಟ್ಟಿಗೆ ಕೊಟ್ಟರು. ಅಷ್ಟು ಹೊತ್ತಿಗೆ ಹೊಸ ಕಪ್ಪು ಕೂದಲು ಬೆಳೆದು ಬೆನ್ನಿಗೆ ಇಳಿದಿತ್ತು. ನನ್ನದು ಹೆಗಲಿನಿಂದ ಕೆಳಗೆ ಇಳಿಯಲೇ ಇಲ್ಲ.

ಅವತ್ತು ಜನ ಚದುರಿದ ಮೇಲೂ ನಾನು ಖಾಲಿ ಹರವಿಯ ಪಕ್ಕದಲ್ಲಿ ಕೂತೇ ಇದ್ದೆ. ಹನಮವ್ವ ಮಗಳನ್ನು ತಬ್ಬಿಕೊಂಡು ಒಳಗೆ ಹೋಗುತ್ತಿದ್ದವಳು ಹೊಸ್ತಿಲಲ್ಲಿ ನಿಂತು ನನ್ನ ಕಡೆ ನೋಡಿದಳು.

"ನನಗೂ ಎರಡ ಹೊಡಿ ಹನಮವ್ವಾ," ಎಂದೆ. "ಎಪ್ಪತ್ತ ದಿನಾ ನನಗ ಗೊತ್ತಿತ್ತು. ಗ್ವಾಡಿ ಬಾಜು ಕುಂತ ಕೇಳಿದೆ, ಹೇಳಲಿಲ್ಲ. ಅಂಜಿದೆ. ಹೊಡಿ, ಬಾ."

ಹೊಡೆಯುತ್ತಾಳೆ ಎಂದು ನಿಜಕ್ಕೂ ಆಸೆಯಿತ್ತು. ಅವಳ ಮುಖದಲ್ಲಿ ಸಿಟ್ಟೇ ಇರಲಿಲ್ಲ.

"ನಿಮ್ಮನ್ನ ಯಾಕ ಹೊಡೀಲಿರಿ," ಎಂದಳು. "ತಲಿ ತೊಯ್ದೈತಿ, ಥಂಡಿ ಐತಿ. ಮನಿಗೆ ನಡೀರಿ ನೀವು."

ಬಾಗಿಲು ಮುಚ್ಚಿಕೊಂಡಳು. ಇವತ್ತಿಗೂ ಗೋಡೆಯ ಆಚೆ ಈಚೆಯೇ ಇದ್ದೇವೆ. ಕೇಳಿದರೆ ಬೆಂಕಿ ಕೊಡುತ್ತಾಳೆ, ಹಬ್ಬಕ್ಕೆ ಹೋಳಿಗೆ ಕಳಿಸುತ್ತಾಳೆ, ಒಂದು ಕಡಿಮೆ ಮಾತಿಲ್ಲ. ಎಲ್ಲದಕ್ಕೂ 'ಬೇ' ಬಿಟ್ಟು 'ರಿ' ಹಚ್ಚಿಯೇ ಮಾತಾಡುತ್ತಾಳೆ.